ಮಾವನ ಮನೆಯ ಆಹಾರ ಸರಪಳಿ

ನಮ್ಮ ಮಾವನ ಮನೆಯಲ್ಲಿ ಒಂದು ಸೊಳ್ಳೆ ಹೊಡೆಯಬೇಕಾದರೂ ಗೋಡೆಯ ಮೇಲಿನ ಹಲ್ಲಿಯ ಒಪ್ಪಿಗೆ ಪಡೆಯಬೇಕಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ ಬಿಡಿ! ನಾನೂ ನಂಬಿರಲಿಲ್ಲ. ಹೈಸ್ಕೂಲು ಓದಲೆಂದು ಹಡಗಲಿ ಕಡೆಯ ನಮ್ಮ ಹಳ್ಳಿಯಿಂದ ಹರಪನಹಳ್ಳಿಗೆ ಬಂದು ಮಾವನ ಮನೆ ಸೇರಿದ ಮೊದಲ ಸಂಜೆಯೇ, ಮೊಣಕೈ ಮೇಲೆ ಕೂತ ಸೊಳ್ಳೆಗೆ ಕೈ ಎತ್ತಿದ್ದೆ.

"ತಡಿ!" ಎಂದು ಮಾವ ಕೂಗಿದ. "ಅದು ಆ ಹಲ್ಲಿದು ಊಟ. ಇನ್ನೊಬ್ಬರ ತಾಟಿಗೆ ಯಾಕ ಕೈ ಹಾಕ್ತಿ?"

"ಮಾವಾ, ಅದು ನನ್ನ ಊಟ ಮಾಡಾಕತ್ತೈತಿ!"

"ಹೌದು ಮತ್ತ! ನೀನೂ ಸರಪಳಿಯಾಗ ಅದಿಯಲ್ಲ!"

ಅವ್ವನ ತಮ್ಮನಾದ ಈ ಮಾವ ನಮ್ಮ ಹೈಸ್ಕೂಲಿನಲ್ಲೇ ಜೀವಶಾಸ್ತ್ರದ ಮೇಷ್ಟ್ರು. ಬೇರೆ ಮೇಷ್ಟ್ರುಗಳು ಗಂಟೆ ಹೊಡೆದ ಕೂಡಲೇ ಪಾಠವನ್ನು ಕರಿಹಲಗೆಯ ಮೇಲೆ ಬಿಟ್ಟು ಮನೆಗೆ ಹೋಗುತ್ತಿದ್ದರು. ಮಾವ ಅದನ್ನೂ ಮನೆಗೆ ಕರೆದುಕೊಂಡು ಬರುತ್ತಿದ್ದ. ಮೂಲೆಯ ಜೇಡರ ಬಲೆಗೆ ಪೊರಕೆ ತಾಗಿಸುವಂತಿರಲಿಲ್ಲ. ಹಬ್ಬದ ಹಿಂದಿನ ದಿನ ಅತ್ತೆ ಪೊರಕೆ ಹಿಡಿದು ನಿಂತರೆ ಇವನು ಅಡ್ಡ ನಿಂತ.

"ಆ ಜೇಡ ದಿನಾ ಎಷ್ಟು ನೊಣ ಹಿಡಿತತಿ ಗೊತ್ತೇನು? ಮನಿಗೆ ಎಷ್ಟು ದುಡಿತತಿ ಅದು!"

"ಹೌದ್ರಿ? ಹಂಗಾರ ನಾಳೆ ಹೋಳಿಗೀನೂ ಅದಕ್ಕ ಮಾಡಾಕ ಹೇಳ್ರಿ," ಎಂದು ಅತ್ತೆ ಪೊರಕೆ ಎಸೆದು ಒಳಗೆ ಹೋದಳು. ಹೋಳಿಗೆ ವಿಷಯ ಬಂದ ಮೇಲೆ ಜೇಡ ಯಾವ ಲೆಕ್ಕ? ಮಾವನೇ ಪೊರಕೆ ಎತ್ತಿಕೊಂಡ.

ಹೋಳಿಗೆ ಎಂದರೆ ಕೊಟ್ಟೂರಿನ ಮದುವೆ ನೆನಪಾಗುತ್ತದೆ. ಪಂಕ್ತಿಯಲ್ಲಿ ಮಾವನ ಪಕ್ಕಕ್ಕೆ ದಷ್ಟಪುಷ್ಟ ಯಜಮಾನರೊಬ್ಬರು ಕೂತಿದ್ದರು. ಸುಮ್ಮನೆ ಉಣ್ಣಬೇಕೋ ಬೇಡವೋ? ಮಾವ ಶುರು ಮಾಡಿದ.

"ನೋಡ್ರಿ ಯಜಮಾನ್ರ, ಜೋಳದಾಗ ಹತ್ತು ಪಾಲು ಶಕ್ತಿ ಐತಿ ಅಂತ ತಿಳ್ಕಳ್ರಿ. ಅದನ್ನ ತಿಂದ ಇಲಿಗೆ ದಕ್ಕೋದು ಒಂದ ಪಾಲು. ಉಳಿದದ್ದು ಅದರ ಓಡಾಟಕ್ಕ, ಮೈ ಬಿಸಿಗೆ ಹೋತು. ಆ ಇಲಿ ತಿಂದ ಹಾವಿಗೆ ಅದರಾಗೂ ಹತ್ತರಾಗ ಒಂದು."

ಇಲಿ, ಹಾವು ಎಂಬ ಮಾತು ಕಿವಿಗೆ ಬಿದ್ದು ಎದುರಿನ ಹೆಂಗಸರು ತುತ್ತು ಕೆಳಗಿಟ್ಟರು. ಯಜಮಾನರು ಮಾತ್ರ ಗಂಭೀರವಾಗಿ ಕೇಳಿದರು: "ಅಂದ್ರ ತಿಂದದ್ದರಾಗ ಒಂಬತ್ತು ಪಾಲು ದಂಡ ಏನ್ರಿ ಮೇಷ್ಟ್ರ?"

"ಹೂಂನ್ರಿ."

"ಏಯ್ ತಮ್ಮಾ, ಇಲ್ಲಿ ಇನ್ನೊಂಬತ್ತು ಹೋಳಿಗಿ ಹಾಕಪಾ! ಒಂದಾದ್ರೂ ಮೈಗೆ ಹತ್ಲಿ!"

ಶಾಲೆಯಲ್ಲೂ ಇದೇ ಕಥೆ. ಆಹಾರ ಸರಪಳಿ ಪಾಠಕ್ಕೆ ಒಬ್ಬಳನ್ನು ಹುಲ್ಲು ಮಾಡಿದ, ಒಬ್ಬಳನ್ನು ಮಿಡತೆ, ಇನ್ನೊಬ್ಬಳನ್ನು ಕಪ್ಪೆ. ನಾನು ಹಾವು! ಮರುದಿನ ಬಯಲಿನಲ್ಲಿ ಕೈಕೈ ಹಿಡಿದು ನಿಲ್ಲಬೇಕು. ಕಪ್ಪೆಗೆ ರಾತ್ರೋರಾತ್ರಿ ಜ್ವರ ಬಂತು. ಕಪ್ಪೆ ಇಲ್ಲದ ಮೇಲೆ ಹಾವಿಗೆ ಏನು ಗತಿ? ಮಾವ ನನ್ನನ್ನು ಬಿಸಿಲಲ್ಲಿ ಒಂಟಿಯಾಗಿ ಕೂರಿಸಿದ. ಆ ಕಡೆ ಬಂದ ಹೆಡ್ಮಾಸ್ಟರು, "ಯಾಕವ್ವ ಹೊರಗ ಕುಂತಿ? ಏನು ತಪ್ಪು ಮಾಡೀದಿ?" ಎಂದರು.

"ತಪ್ಪು ಮಾಡಿಲ್ರಿ ಸಾರ್. ಕಪ್ಪಿ ಬಂದಿಲ್ಲ, ಉಪವಾಸ ಸಾಯಾಕತ್ತೀನಿ!"

ಹೆಡ್ಮಾಸ್ಟರು ಮಾವನ ಮುಖ ನೋಡಿ ಹೊರಟುಹೋದರು.

ಇಷ್ಟಕ್ಕೇ ನಿಂತಿದ್ದರೆ ನಗುನಗುತ್ತಾ ಕಾಲ ಕಳೆಯಬಹುದಿತ್ತು. ಒಂದು ಭಾನುವಾರ ಮಾವ ಹಳೆಯ ಕ್ಯಾಲೆಂಡರಿನ ಹಿಂಬದಿಗೆ "ನಮ್ಮ ಮನೆಯ ಪರಿಸರ ವ್ಯವಸ್ಥೆ" ಎಂದು ದೊಡ್ಡ ಪಟ ಬರೆದು ಅಡಿಗೆಮನೆ ಬಾಗಿಲ ಪಕ್ಕ ತೂಗುಹಾಕಿದ. ಮೇಲೆ ಸೂರ್ಯ. ಅದರ ಕೆಳಗೆ ಉತ್ಪಾದಕರು: ಹಿತ್ತಲ ಹೀರೆ ಬಳ್ಳಿ, ಬದನೆ ಗಿಡ. ಆಮೇಲೆ ಭಕ್ಷಕರು: ಆಕಳು, ನಾನು, ಅತ್ತೆ ಮತ್ತು ಸ್ವತಃ ಮಾವ. ಅತ್ತೆ ಓದಿದಳು. ಕೈಯಲ್ಲಿ ಲಟ್ಟಣಿಗೆ ಇತ್ತು.

"ಹೊತ್ತು ಮೂಡಿದಾಗಿಂದ ಒಲಿ ಮುಂದ ಬೇಯಾಕಿ ನಾನು, ನಾನು ಭಕ್ಷಕೀ ಏನ್ರಿ? ಕುಂತಲ್ಲೇ ಉಣ್ಣೋ ನೀವು?"

"ನಾನೂ ಭಕ್ಷಕನ. ಬರದೀನಲ್ಲ."

"ಅದೊಂದು ಖರೆ ಬರದೀರಿ ನೋಡ್ರಿ!"

ಪಟದ ಬುಡದಲ್ಲಿ ಕೆಂಪು ಮಸಿಯಲ್ಲಿ, ಎರಡು ಸುತ್ತು ಗೆರೆ ಎಳೆದು ಇನ್ನೊಂದು ಹೆಸರಿತ್ತು: "ವಿಘಟಕರು: ಅತ್ತೆಯವರು". ಅಂದರೆ ಮಾವನ ಅತ್ತೆ, ನಮ್ಮ ಅತ್ತೆಯ ತಾಯಿ. ನನಗೆ ಅಜ್ಜಿ. ಗಂಡ ತೀರಿಕೊಂಡ ಮೇಲೆ, ಗಂಡುಮಕ್ಕಳಿಲ್ಲದ ಅಜ್ಜಿ ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಳಿಯನ ಮನೆಯ ಅನ್ನ ಎಂದರೆ ಆಕೆಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಓಣಿಯ ಹೆಂಗಸರು "ಇನ್ನೂ ಇಲ್ಲೇ ಅದೀರೇನ್ರಿ?" ಎಂದು ಕೇಳಿದ ದಿನವಂತೂ ಒಂದೇ ರೊಟ್ಟಿ ಉಣ್ಣುತ್ತಿದ್ದಳು. "ಬಿಟ್ಟಿ ಕೂಳು ಮೈಗೆ ಹತ್ತಂಗಿಲ್ಲವ್ವ," ಎನ್ನುತ್ತಾ ದಿನವಿಡೀ ದುಡಿಯುವಳು. ಸಗಣಿ, ಕಸಕಡ್ಡಿ, ಉಳ್ಳಾಗಡ್ಡಿ ಸಿಪ್ಪೆ ಎಲ್ಲವನ್ನೂ ಹಿತ್ತಲ ತಿಪ್ಪೆಗೆ ಹಾಕಿ, ನೀರು ಚಿಮುಕಿಸಿ, ತಿರುವಿ, ಕರಿ ಗೊಬ್ಬರ ಮಾಡುತ್ತಿದ್ದಳು. ಮಾವನ ಹೀರೆ ಬಳ್ಳಿ ಮಾಳಿಗೆ ಹತ್ತಿದ್ದೇ ಆ ಗೊಬ್ಬರದಿಂದ.

ಅಜ್ಜಿಗೆ ಓದು ಬರುತ್ತಿರಲಿಲ್ಲ. "ಕೆಂಪಗ ಬರದಾರಲ್ಲ, ಅದೇನವ್ವ?" ಎಂದು ನನ್ನನ್ನು ಕೇಳಿದಳು.

"ನಿನ್ನ ಹೆಸರಜ್ಜಿ. ವಿಘಟಕರು ಅಂತ."

"ಹಂಗಂದ್ರ?"

ಆ ಪಾಠದ ದಿನ ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಗೊತ್ತಿಲ್ಲ ಎಂದರೆ ಬಾಯಿ ಸವೆಯುತ್ತಿತ್ತೇ? ಆದರೆ ನಾನು ದಿನಾ ಪೇಪರ್ ಓದುವ ಜಾಣೆ! ಆಗ ಪಕ್ಷಗಳು ಒಡೆಯುವ ಕಾಲ, ರೇಡಿಯೋದಲ್ಲೂ ಅದೇ ಸುದ್ದಿ. "ವಿಘಟನೆ ಅಂದ್ರ ಒಡಿಯೋದಜ್ಜಿ. ಪಕ್ಷ ವಿಘಟನೆ ಆತು ಅಂತ ರೇಡಿಯೋದಾಗ ಬರ್ತತಲ್ಲ. ವಿಘಟಕರು ಅಂದ್ರ ಒಡಿಯೋರು," ಎಂದುಬಿಟ್ಟೆ.

ಅಜ್ಜಿ ಕೆಂಪು ಅಕ್ಷರಗಳನ್ನು ಇನ್ನೊಮ್ಮೆ ನೋಡಿ ಹಿತ್ತಲಿಗೆ ಹೋದಳು. ಮರುದಿನ ಮಾವ ಶಾಲೆಗೆ ಹೋದ ಮೇಲೆ ಎರಡು ಸೀರೆ ಗಂಟು ಕಟ್ಟಿಕೊಂಡು, "ತಮ್ಮನ್ನ ನೋಡ್ಕಂಡು ಬರ್ತೀನಿ," ಎಂದು ಹಂಪಸಾಗರಕ್ಕೆ ಬಸ್ಸು ಹತ್ತಿದಳು. ಹತ್ತುವಾಗ ಮಗಳ ಕೈ ಹಿಡಿದು, "ಪಟದಾಗ ಬರದಂಗ ನಿನ್ನ ಮನಿ ಒಡಿಯಾಕ ನಾನು ಬಂದಿರಲಿಲ್ಲವ್ವ," ಎಂದಳಂತೆ.

ಸಂಜೆ ಮಾವ ಹೊಸಿಲು ದಾಟುವುದರೊಳಗೆ ಅತ್ತೆ ಅಳುತ್ತಾ ಕೇಳಿದಳು: "ನಮ್ಮವ್ವ ಮನಿ ಒಡಿಯಾಕಿ ಏನ್ರಿ? ಗ್ವಾಡಿ ಮ್ಯಾಲೆ ಬರದು ಹಾಕಬೇಕಿತ್ತೇನ್ರಿ?"

ಮಾವ ಚೀಲ ಹಿಡಿದೇ ನಿಂತ. "ಆ ಅರ್ಥ ಯಾರು ಹೇಳಿದ್ರು?"

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. "ನಾನ ಪಾಠ ಸರಿಯಾಗಿ ಮಾಡಿಲ್ಲ ಬಿಡು," ಎಂದು ಉಣ್ಣದೆ ಮಲಗಿದ.

ಬೆಳಗಿನ ಮೊದಲ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಹೊರಟ. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೂ ವಿಘಟಕರ ಮಹಿಮೆ ಹೇಳಿದ. ಕಂಡಕ್ಟರ್, "ಅವರಿಗೆ ಅರ್ಧ ಟಿಕೆಟೋ, ಪೂರಾನೋ?" ಎಂದು ಕೇಳಿ ಮುಂದೆ ಹೋದ.

ಹಂಪಸಾಗರದಲ್ಲಿ ಅಜ್ಜಿ ತಮ್ಮನ ಮನೆಯ ಪಡಸಾಲೆಯಲ್ಲಿ ಬೇಳೆ ಆರಿಸುತ್ತಾ ಕೂತಿದ್ದಳು. ಅಲ್ಲೂ ಸುಮ್ಮನೆ ಕೂತಿರಲಿಲ್ಲ. ನಮ್ಮನ್ನು ನೋಡಿ ಸೆರಗು ಎಳೆದುಕೊಂಡು ಮತ್ತೆ ಮೊರದ ಮೇಲೆ ಬಗ್ಗಿದಳು. ಮಾವ ಚಪ್ಪಲಿ ಬಿಡದೆಯೇ ಪಾಠ ಶುರು ಮಾಡಿದ.

"ಎಲಿ ಉದುರ್ತತಿ, ದನ ಸಗಣಿ ಹಾಕ್ತತಿ, ಪ್ರಾಣಿ ಸಾಯ್ತತಿ. ಇದನ್ನೆಲ್ಲ ಯಾರೋ ಒಬ್ರು ಕೊಳಿಸಿ, ಮಣ್ಣು ಮಾಡಿ, ತಿರುಗಿ ಬಳ್ಳಿಗೆ ಉಣಸಬೇಕು. ಅವರೇ ವಿಘಟಕರು! ಭಕ್ಷಕರು ಇಲ್ಲಂದ್ರ ಹೆಂಗರ ನಡದೀತು. ವಿಘಟಕರಿಲ್ಲಂದ್ರ ಭೂಮಿ ತುಂಬ ಹೆಣ ಬಿದ್ದು ನಾರ್ತಾವು!"

ಒಳಗಿನಿಂದ ಓಡಿ ಬಂದ ಅಜ್ಜಿಯ ತಮ್ಮ, "ಯಾರು ಸತ್ರು? ಎಲ್ಲಿ?" ಎಂದು ಗಾಬರಿಯಾದ.

"ಯಾರೂ ಸತ್ತಿಲ್ಲಜ್ಜ," ಎಂದೆ. "ಅಜ್ಜಿ, ನಾನು ತಪ್ಪು ಅರ್ಥ ಹೇಳಿದ್ದೆ. ನಿನ್ನ ತಿಪ್ಪಿ ಕೆಲಸಕ್ಕ ಮಾವ ಅದನ್ನ ಬರದಿದ್ದು. ರಾತ್ರಿ ಊಟಾನೂ ಮಾಡದ ಮಲಗಿದ್ದ."

ಅಜ್ಜಿ ಮೊರ ಬದಿಗಿಟ್ಟಳು. ಮಾವನ ಕಡೆ ತಿರುಗಿದಳು.

"ನೀವು ಹೇಳಿದ್ದು ನನಗ ತಿಳಿಯಂಗಿಲ್ರಿ. ಅಳಿಯನ ಮನ್ಯಾಗ ಎಷ್ಟು ದಿನ ಇರಬೇಕು ಅನ್ನೋದೂ ತಿಳಿಯಂಗಿಲ್ಲ. ಒಂದ ಮಾತು ಹೇಳ್ರಿ. ನಾನು ನಿಮಗ ಬೇಕೋ, ಬ್ಯಾಡೋ?"

ಯಾವ ಪ್ರಶ್ನೆಗೂ ಒಂದು ಪೀರಿಯಡ್ಡಿಗಿಂತ ಕಡಿಮೆ ಉತ್ತರ ಕೊಡದ ಮನುಷ್ಯ! ಚಪ್ಪಲಿ ಬಿಟ್ಟು ಆಕೆಯ ಎದುರು ಕೂತ. ಕಣ್ಣಲ್ಲಿ ನೀರು ಬಂತು.

"ಬೇಕವ್ವಾ," ಎಂದ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಒಳಗಿದ್ದ ತಮ್ಮನ ಹೆಂಡತಿಗೆ ಕೂಗಿ ಹೇಳಿದಳು: "ಎರಡು ರೊಟ್ಟಿ ಬಡಿಯವ್ವ. ನನ್ನ ಮಗ ನಿನ್ನೆಯಿಂದ ಉಂಡಿಲ್ಲ."