ಭಾವನವರು ಕಾಪಾಡಿದ ಮೂಗು

ಕೀಂಚ್! ಗಾಜಿನ ಮೇಲೆ ಮಾರ್ಕರ್ ಎಳೆಯುವ ಆ ಸದ್ದು ನೆನಪಾದರೆ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಕ್ಯಾಂಪ್‌ಬೆಲ್ ಊರಿನ ಅಕ್ಕನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅದರಿಂದ. ಸದ್ದಿನ ಕರ್ತೃ ನಮ್ಮ ಭಾವನವರು. ಇಡೀ ಕ್ಯಾಲಿಫೋರ್ನಿಯಾದ ಪುಕ್ಕಲರಿಗೆಲ್ಲ ಪ್ರೆಸಿಡೆಂಟ್ ಆಗಬಹುದಾಗಿದ್ದವರು. ಆದರೆ ಎಲೆಕ್ಷನ್ನಿಗೆ ನಿಲ್ಲಲು ಧೈರ್ಯ ಬೇಕಲ್ಲ!

ಅವರಿಗೆ ಯಾವುದರ ಭಯವಿರಲಿಲ್ಲ ಹೇಳಿ? ಭೂಕಂಪವಾದೀತೆಂದು ಶೂ ಹಾಕಿಕೊಂಡೇ ಮಲಗುವರು. ಫ್ರೀವೇ ಎಂದರೆ ಬೆವರು. ಸ್ಯಾನ್ ಹೊಸೆಯ ದೇವಸ್ಥಾನಕ್ಕೆ ಸಣ್ಣ ರಸ್ತೆಗಳನ್ನೆಲ್ಲ ಸುತ್ತಿ ತಲುಪುವಷ್ಟರಲ್ಲಿ ಮಂಗಳಾರತಿ ಮುಗಿದು, ಪ್ರಸಾದದ ಪಾತ್ರೆಯನ್ನೂ ತೊಳೆದಾಗಿರುತ್ತಿತ್ತು.

"ದೇವರು ಎಲ್ಲಿಗೆ ಹೋಗ್ತಾನಮ್ಮ? ಅಲ್ಲೇ ಇರ್ತಾನೆ."

"ದೇವರು ಇರ್ತಾನೆ ಭಾವ, ಪುಳಿಯೋಗರೆ ಇರಲ್ವಲ್ಲ!"

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಹಾಗೆ ಮುಚ್ಚಿದ ಯಾವುದೋ ಆಫೀಸಿನ ಸಾಮಾನು ಮಾರಾಟದಿಂದ ಭಾವ ಒಂದು ಡಬ್ಬಿ ವೈಟ್‌ಬೋರ್ಡ್ ಮಾರ್ಕರನ್ನೂ ಗಾಜಿನ ಫ್ರೇಮಿನ ದೊಡ್ಡ ಚಿತ್ರವೊಂದನ್ನೂ ತಂದರು. ಮಹಾಯುದ್ಧದ ಕಾಲದಲ್ಲಿ ಕೆನಡಾದ ಕಲಾವಿದರೊಬ್ಬರು ಬರೆದ ಐಸ್ ಹಾಕಿ ಪಂದ್ಯದ ಪ್ರಿಂಟು ಅದು. ಕಾನ್ವೆಂಟಿನ ಕೆಮ್ಮಣ್ಣಿನಲ್ಲಿ ಹಾಕಿ ಆಡಿ ಮಂಡಿ ತರಚಿಸಿಕೊಂಡಿದ್ದ ನನಗೆ ಆ ಹಿಮದ ಮೈದಾನ ಎಷ್ಟು ಬ್ಯೂಟಿಫುಲ್ ಆಗಿ ಕಂಡಿತು! ಸುತ್ತ ಉದ್ದ ಕೋಟಿನ ಸೈನಿಕರು, ನಡುವೆ ಆಟಗಾರರು, ತುದಿಯಲ್ಲಿ ಬರಿಮುಖದ ಗೋಲ್‌ಕೀಪರ್. ಆ ಕಾಲದಲ್ಲಿ ಅವರು ಮಾಸ್ಕ್ ಹಾಕುತ್ತಿರಲಿಲ್ಲವಂತೆ.

ಭಾವನವರಿಗೆ ಕಂಡದ್ದು ಅದೊಂದೇ. "ಚೆಂಡಿನ ಬದಲು ಹೊಡೀತಾರಲ್ಲ, ಆ ಕಪ್ಪು ಬಿಲ್ಲೆ ಬಂದು ಅವನ ಮೂಗಿಗೆ ಬಡಿದ್ರೆ?"

ಮಾರನೇ ಬೆಳಿಗ್ಗೆ ಕೀಂಚ್! ಗಾಜಿನ ಮೇಲೆ, ಸರಿಯಾಗಿ ಅವನ ಮುಖಕ್ಕೆ, ಕಿಟಕಿಯ ಸರಳಿನಂಥ ಕರಿ ಗೆರೆಗಳ ಮಾಸ್ಕ್! ಸಂಜೆ ಅಕ್ಕ ಒರೆಸಿದಳು. ಬೆಳಿಗ್ಗೆ ಅವರು ಮತ್ತೆ ಬರೆದರು. ಇದೇ ನಿತ್ಯಕರ್ಮವಾಯಿತು.

"ರೀ, ಸುತ್ತ ನಿಂತಿರೋರೆಲ್ಲ ನಾಳೆ ಯುದ್ಧಕ್ಕೆ ಹೋಗೋರು. ಅವರ ಜೀವದ ಯೋಚನೆ ಇಲ್ಲ, ಇವನ ಮೂಗಿಂದೇ ಯೋಚನೆ ನಿಮಗೆ!"

"ಯುದ್ಧ ನಿಲ್ಸೋಕೆ ನನ್ ಕೈಲಾಗುತ್ತೇನೇ? ಮೂಗಾದ್ರೂ ಉಳೀಲಿ."

ನಾವು ನಕ್ಕೆವು. ಕೆಲವು ದಿನಗಳಲ್ಲಿ ಭಾವನವರಿಗೆ ಎದೆನೋವು ಬಂತು. ಡಾಕ್ಟರು ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ನೆಲ ಅಲುಗದೆಯೂ ಹೆದರುತ್ತಿದ್ದವರು ಈಗ ಒಪ್ಪಿಗೆ ಪತ್ರಕ್ಕೆ ಒಂದೇ ಏಟಿಗೆ ಸಹಿ ಹಾಕಿಬಿಟ್ಟರು. ನಮಗೆ ನಿಜವಾಗಿ ಭಯವಾದದ್ದು ಆಗ. ಅವರು ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಮಾಸ್ಕಿನ ಗೆರೆಗಳು ದಪ್ಪವಾದವು, ಸೊಟ್ಟಗಾದವು.

"ಬರಿಮುಖದಲ್ಲಿ ಹೆಂಗೆ ನಿಂತಿದಾನೆ ನೋಡಮ್ಮ," ಎಂದರು ಒಮ್ಮೆ. "ಓಡಿಹೋಗಬೇಕು ಅನ್ನಿಸಲ್ವಾ ಅವನಿಗೆ?"

ನಾನೂ ಅವರ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡೆ.

ಆಪರೇಷನ್ನಿನ ಬೆಳಿಗ್ಗೆಯೂ ಕೀಂಚ್ ಕೇಳಿಸಿತು. ಭಾವ ಎದ್ದಿದ್ದಾರೆ ಎಂದುಕೊಂಡು ಸೀರೆ ಉಟ್ಟೆ. ಅಕ್ಕ ಕಾರನ್ನು ಫ್ರೀವೇಯಲ್ಲೇ ಓಡಿಸಿದಳು. ಭಾವ ತಕರಾರು ಮಾಡಲಿಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಆಪರೇಷನ್ ಥಿಯೇಟರಿನ ಬಾಗಿಲವರೆಗೆ ನಾವೂ ಹೋದೆವು. ಸ್ಟ್ರೆಚರಿನ ಮೇಲೆ, ಆಕ್ಸಿಜನ್ ಮಾಸ್ಕಿನೊಳಗೆ ಕಣ್ಣು ಮುಚ್ಚಿದ್ದವರು ಇದ್ದಕ್ಕಿದ್ದಂತೆ ಅದನ್ನು ಎತ್ತಿ, "ಅಯ್ಯೋ! ಇವತ್ತು ಅವನಿಗೆ ಬರೀಲೇ ಇಲ್ಲ ಕಣೇ!" ಎಂದರು.

ಅಕ್ಕ ಬಲಗೈ ಚಾಚಿದಳು. ಬೆರಳೆಲ್ಲ ಮಾರ್ಕರಿನ ಕಪ್ಪು.

"ನೀವು ಸ್ನಾನಕ್ಕೆ ಹೋದಾಗ ನಾನೇ ಬರ್ದೆ. ಎರಡು ಕೋಟಿಂಗು."

"ಮೂಗು ಮುಚ್ಚಿದ್ಯಾ?"

"ಪೂರ್ತಿ ಮುಚ್ಚಿದೀನಿ ಕಣ್ರೀ."

ಭಾವನವರ ಕಣ್ಣುಗಳು ನಕ್ಕವು. ತಮ್ಮ ಮಾಸ್ಕನ್ನು ತಾವೇ ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡು, ಒಳಗೆ ಕರೆದುಕೊಂಡು ಹೋಗಿ ಎನ್ನುವಂತೆ ನರ್ಸಿಗೆ ಕೈಸನ್ನೆ ಮಾಡಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.