ಮುನೀಂದ್ರ ದೋಣಿಗೆ ನೀರು ತುಂಬಿಸಿದ್ದು

ಮುನೀಂದ್ರನ ಆ ಶನಿವಾರದ ಪಾಡಿಗೆಲ್ಲ ಕಾರಣ ಒಂದು ಅಲೆ. ಎದ್ದ ಅಲೆಯಲ್ಲ, ಏಳದೇ ಹೋದ ಅಲೆ.

ಮುನೀಂದ್ರ ದೊಮ್ಮಲೂರಿನ ಹಳೇ ಊರಿನವನು. ಅವನಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದು ನಿಂತಿತ್ತು, ತಿಂಗಳಾದರೆ ಬಾಡಿಗೆ ತಾನಾಗಿ ಮನೆಗೆ ಬರುತ್ತಿತ್ತು. ಇಂಥ ಪುಣ್ಯವಂತರು ಸಾಮಾನ್ಯವಾಗಿ ಬುಲೆಟ್ ಕೊಳ್ಳುತ್ತಾರೆ, ಇಲ್ಲವೇ ಚುನಾವಣೆಗೆ ನಿಲ್ಲುತ್ತಾರೆ. ಮುನೀಂದ್ರ ದೋಣಿ ಕೊಂಡ. ಬಾಡಿಗೆಗಿದ್ದ ವಿದೇಶದವನೊಬ್ಬ ಊರು ಬಿಡುವಾಗ ಮಾರಿಹೋದ ವೇಕ್‌ಬೋರ್ಡ್ ದೋಣಿ ಅದು. ಒಬ್ಬ ಕಾಲಿಗೆ ಹಲಗೆ ಕಟ್ಟಿಕೊಂಡು, ದೋಣಿಗೆ ಬಿಗಿದ ಹಗ್ಗ ಹಿಡಿದು ಹಿಂದೆ ನಿಲ್ಲುತ್ತಾನೆ. ದೋಣಿ ಓಡಿದರೆ ಹಿಂದೆ ಅಲೆ ಏಳುತ್ತದೆ, ಅವನು ಅಲೆಯ ಮೇಲಿಂದ ಹಾರುತ್ತಾನೆ. ಆಟ ಇಷ್ಟೇ. ದೊಮ್ಮಲೂರಿನಲ್ಲಿ ಅದನ್ನು ಬಿಡುವಂಥ ಕೆರೆ ಇಲ್ಲ ಅನ್ನುವುದು ದೋಣಿ ಗೇಟಿನೊಳಗೆ ಬಂದ ಮೇಲೆ ಅವನಿಗೆ ಹೊಳೆಯಿತು.

ಹೀಗಾಗಿ ಎರಡು ವರ್ಷದಿಂದ ದೋಣಿ ಟ್ರೈಲರ್ ಸಮೇತ ಪೋರ್ಟಿಕೋದಲ್ಲೇ ಠಿಕಾಣಿ ಹೂಡಿತ್ತು. ಹಗ್ಗ ಕಟ್ಟುವ ಅದರ ಕಮಾನಿನ ಮೇಲೆ ಹೆಂಡತಿ ರಮ್ಯಶ್ರೀ ಬಟ್ಟೆ ಒಣಹಾಕುತ್ತಿದ್ದಳು. ಅವಳ ತಾಯಿ ಆಂಜನಮ್ಮ ಕೆ.ಆರ್. ಪುರದಿಂದ ಬಂದಾಗಲೆಲ್ಲ ಸೀಟಿನ ಮೇಲೆ ಸಂಡಿಗೆ ಇಡುತ್ತಿದ್ದರು. ಮುನೀಂದ್ರನಿಗೆ ಮಾತ್ರ ಅದರ ಮೇಲೆ ಪ್ರಾಣ. ಪ್ರತಿ ಶನಿವಾರ ಅದನ್ನು ತೊಳೆದು, ಒರೆಸಿ, ಸ್ಟಿಯರಿಂಗ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತು ಇಳಿಯುತ್ತಿದ್ದ.

ಕಡೆಗೂ ಹೊಸಕೋಟೆಯಾಚೆಯ ರೆಸಾರ್ಟೊಂದು ತನ್ನ ಕೆರೆಯಲ್ಲಿ ಭಾನುವಾರಗಳಂದು ದೋಣಿ ಓಡಿಸಲು ಅರ್ಧಮನಸ್ಸಿನಿಂದ ಒಪ್ಪಿತು. ಪರೀಕ್ಷೆಗೆ ಒಯ್ದ ದಿನ ಮುನೀಂದ್ರ ಜೋರಾಗಿಯೇ ಓಡಿಸಿದ. ಆದರೆ ಅಲೆ ಏಳಲಿಲ್ಲ.

"ಎಮ್ಮೆ ನೀರಿಗಿಳಿದ್ರೂ ಇದಕ್ಕಿಂತ ದೊಡ್ಡದು ಬರುತ್ತೆ ಸರ್" ಅಂದಳು ಅಲ್ಲಿನ ಮ್ಯಾನೇಜರ್ ದಿವ್ಯ. "ಬ್ಯಾಲಸ್ಟ್ ಹಾಕ್ಸಿ. ಬೋಟ್ ಭಾರ ಆದ್ರೆ ಕೆಳಗೆ ಕೂರುತ್ತೆ, ಆಗ ಅಲೆ ಚೆನ್ನಾಗಿ ಬರುತ್ತೆ. ಶನಿವಾರ ವಿಡಿಯೋ ಕಾಲ್ ಮಾಡಿ, ತುಂಬೋದು ಖಾಲಿ ಆಗೋದು ಎರಡೂ ತೋರ್ಸಿ. ಸರಿ ಇದ್ರೆ ಭಾನುವಾರ ಬನ್ನಿ."

ಬ್ಯಾಲಸ್ಟ್ ಅಂದರೆ ಬೇರೇನಲ್ಲ, ಸೀಟಿನ ಕೆಳಗೆ ಇಡುವ ದೊಡ್ಡ ದೊಡ್ಡ ನೀರಿನ ಚೀಲಗಳು ಮತ್ತು ಒಂದು ಪಂಪು. ಪಂಪು ಕೆರೆಯ ನೀರನ್ನು ಚೀಲಕ್ಕೆ ತುಂಬಿಸುತ್ತದೆ, ಆಟ ಮುಗಿದ ಮೇಲೆ ಅದೇ ನೀರನ್ನು ಆಚೆ ಹಾಕುತ್ತದೆ. ಮುನೀಂದ್ರ ಅದನ್ನೂ ತರಿಸಿದ. ರಮ್ಯಶ್ರೀ ತನ್ನ ಕಡೆಯಿಂದ ಹಳೇ ಗಾಡಿಗಳ ದಲ್ಲಾಳಿ ಬೈಲಪ್ಪನಿಗೆ ಫೋನ್ ಮಾಡಿದಳು.

"ಶನಿವಾರ ಸಾಯಂಕಾಲ ಬೈಲಪ್ಪ ಬರ್ತಾನೆ" ಅಂದಳು. "ಅಷ್ಟರೊಳಗೆ ರೆಸಾರ್ಟ್‌ನೋರು ಹೂಂ ಅಂದ್ರೆ ನಿಮ್ಮ ದೋಣಿ ನಿಮಗೆ. ಇಲ್ಲಾಂದ್ರೆ ಅದು ಅವನ ಲಾರಿ ಹಿಂದೆ. ನನ್ನ ಸ್ಕೂಟರ್ ಎರಡು ವರ್ಷದಿಂದ ಬಿಸಿಲಲ್ಲಿ ಬೇಯ್ತಿದೆ."

ಶನಿವಾರ ಬೆಳಗ್ಗೆ ಅವಳು ತವರಿಗೆ ಹೊರಟಳು. ಗೇಟಿನವರೆಗೆ ಹೋದವಳು ಹಿಂತಿರುಗಿ ನೋಡಿ, "ನೆನ್ನೆ ತಾನೇ ಟ್ಯಾಂಕರ್ ಹಾಕ್ಸಿದೀನಿ. ಇನ್ನೊಂದು ಬರೋದು ಬುಧವಾರಾನೇ. ಸಂಪಿನ ನೀರಲ್ಲಿ ದೋಣಿ ತೊಳೆಯೋಕೆ ಹೋದ್ರೆ ನನ್ನಷ್ಟು ಕೆಟ್ಟೋಳು ಇರಲ್ಲ" ಎಂದಳು. ಮುನೀಂದ್ರ ತೊಳೆಯುವುದಿಲ್ಲ ಎಂದು ತಾಯಾಣೆ ಹಾಕಿದ. ತೊಳೆಯುವ ಯೋಚನೆ ಅವನಿಗೆ ನಿಜಕ್ಕೂ ಇರಲಿಲ್ಲ.

ಅವನ ಲೆಕ್ಕ ಬೇರೆಯೇ ಇತ್ತು. ಸಂಪಿನ ನೀರು ಚೀಲಕ್ಕೆ, ದಿವ್ಯಳಿಗೆ ದರ್ಶನ, ಮತ್ತೆ ಚೀಲದ ನೀರು ಸಂಪಿಗೆ. ಹನಿ ನೀರೂ ಹಾಳಾಗುವುದಿಲ್ಲ, ಹೆಂಡತಿಗೂ ಗೊತ್ತಾಗುವುದಿಲ್ಲ.

ಶಿವಾಜಿನಗರದ ಬಷೀರ್ ಚೀಲ ಹೊಂದಿಸಲು ಬಂದ. ಊರಿನ ಅರ್ಧ ಸಂಪುಗಳ ಮೋಟರು ಅವನ ಕೈಯಲ್ಲೇ ರಿಪೇರಿಯಾದವು. ಅವನು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತಲೆ ಕೆರೆದುಕೊಂಡ.

"ಏನ್ ಭಾಯ್ ಇದು. ಎಲ್ರೂ ಒಳಗೆ ನುಗ್ಗಿದ ನೀರು ಆಚೆ ಹಾಕಕ್ಕೆ ಕರೀತಾರೆ ನನ್ನ. ಒಳಗೆ ತುಂಬ್ಸಕ್ಕೆ ಕರೆದೋರು ನೀವೇ ಫಸ್ಟು."

ನೀರು ಒಳಗೆ ಬರಬೇಕೆಂದರೆ ದೋಣಿಯ ತಳಕ್ಕೆ ಒಂದು ತೂತು ಬೇಕು. ಬಷೀರ್ ಟ್ರೈಲರಿನಡಿ ಅಂಗಾತ ಮಲಗಿ ಡ್ರಿಲ್ ಹಿಡಿದ. ಆ ಶಬ್ದಕ್ಕೆ ಪಕ್ಕದ ಮನೆಯ ಶ್ರೀರಾಮಪ್ಪ ಪಂಚೆ ಸರಿಮಾಡಿಕೊಳ್ಳುತ್ತ ಬಂದರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬೀದಿಯ ಉಸ್ತುವಾರಿಯನ್ನೆಲ್ಲ ತಾವೇ ವಹಿಸಿಕೊಂಡಿದ್ದ ಮನುಷ್ಯ.

"ಏನಪ್ಪಾ, ದೋಣಿಗೆ ತೂತು ಕೊರೀತಿದೀರಾ?"

"ಹೌದು ಸಾರ್, ನೀರು ಒಳಗೆ ಬರೋಕೆ" ಅಂದ ಮುನೀಂದ್ರ.

"ಒಳಗೆ ಬಂದು?"

"ದೋಣಿ ಮುಳುಗ್ಬೇಕು. ಪೂರ್ತಿ ಅಲ್ಲ, ಒಂಚೂರು."

ಶ್ರೀರಾಮಪ್ಪನವರು ಮುನೀಂದ್ರನ ಮುಖವನ್ನೇ ನೋಡಿದರು. ನಂತರ ಎದುರು ಮನೆಯ ಬಾಲ್ಕನಿ ನೋಡಿದರು. ಅಲ್ಲಿ ಮಂಜುಳಮ್ಮ ಆಗಲೇ ಸೊಪ್ಪು ಬಿಡಿಸುವ ನೆಪದಲ್ಲಿ ಕೂತಿದ್ದರು. ಇಬ್ಬರೂ ಕಣ್ಣಲ್ಲೇ ಏನೋ ಮಾತಾಡಿಕೊಂಡರು.

"ಆಗ್ಲಿ, ಹೊಸ ಸಾಮಾನು ಹಾಕ್ತಿದೀಯ, ಪೂಜೆ ಇಲ್ಲದೆ ಹಾಕ್ಬೇಡ" ಎಂದು ಶ್ರೀರಾಮಪ್ಪ ಮನೆಗೆ ಹೋಗಿ ನಿಂಬೆಹಣ್ಣು ತಂದು ಟ್ರೈಲರಿನ ಚಕ್ರಗಳ ಮುಂದೆ ಒತ್ತಾಗಿ ಇಟ್ಟರು. ಗಾಡಿ ಮುಂದೆ ಹೋಗುವುದಿಲ್ಲವಲ್ಲ ಎಂದು ಬಷೀರ್ ಹೇಳಿದರೆ, ಹೋಗೋ ದಿನ ಹೋಗಲಿ, ಹಣ್ಣು ಇರಲಿ ಎಂದರು.

ಮಧ್ಯಾಹ್ನದ ಹೊತ್ತಿಗೆ ಚೀಲ, ಪೈಪು, ಸ್ವಿಚ್ಚು ಎಲ್ಲ ಕೂತವು. ತೂತಿಗೆ ಸಿಕ್ಕಿಸಿದ ಪೈಪನ್ನು ಸಂಪಿಗೆ ಇಳಿಬಿಟ್ಟು ಮುನೀಂದ್ರ ಸ್ವಿಚ್ ಒತ್ತಿದ. ಪಂಪು ಗುರ್ ಎಂದಿತು. ಚೀಲಗಳು ಮದುವೆ ಊಟ ಮುಗಿಸಿ ಮಲಗಿದ ಬೀಗರ ಹಾಗೆ ನಿಧಾನವಾಗಿ ಹೊಟ್ಟೆ ಬಿಡತೊಡಗಿದವು. ಮುನೀಂದ್ರನಿಗೆ ಎಷ್ಟು ಖುಷಿಯಾಯಿತೆಂದರೆ ಒಂದೊಂದು ಚೀಲವನ್ನೂ ಕೈಯಿಂದ ತಟ್ಟಿ ನೋಡಿದ.

ಹೊಟ್ಟೆ ತುಂಬಿದ ದೋಣಿ ನೆಲದ ಮೇಲಿದ್ದರೂ ಭಾರ ಭಾರವೇ. ಟ್ರೈಲರಿನ ಟೈರುಗಳು ಚಪ್ಪಟೆಯಾಗುತ್ತ ಬಂದವು. ಗಾಡಿ ಒಂದಂಗುಲವೂ ಉರುಳಲಿಲ್ಲ, ಟೈರುಗಳೇ ಅಗಲವಾಗಿ ಹರಡಿಕೊಂಡು ನಿಂಬೆಹಣ್ಣುಗಳನ್ನು ಪಚಕ್ ಎನ್ನಿಸಿದವು.

"ನೋಡಿದ್ಯಾ, ದೃಷ್ಟಿ ಕಳೀತು" ಎಂದು ಶ್ರೀರಾಮಪ್ಪ ಕೈಮುಗಿದರು. ಬಷೀರ್ ಮಾತ್ರ ಓಡಿಹೋಗಿ ಸೈಜುಗಲ್ಲು ತಂದು ಟ್ರೈಲರಿನಡಿ ಒಟ್ಟಿದ. ದೋಣಿ ಈಗ ಪಾಯ ಹಾಕಿದ ಮನೆಯಂತೆ ಗಟ್ಟಿಯಾಗಿ ಕೂತಿತು.

ಅಷ್ಟರಲ್ಲಿ ಬಾಲ್ಕನಿಯಿಂದ ಮಂಜುಳಮ್ಮನ ದನಿ ಬಂತು. "ಮುನೀಂದ್ರಪ್ಪಾ, ರಮ್ಯಂಗೆ ಫೋನ್ ಮಾಡಿದೀನಿ ಕಣಪ್ಪ. ನಿಮ್ಮೆಜಮಾನ್ರು ದೋಣಿಗೆ ತೂತು ಮಾಡಿ, ಸಂಪಿನ ನೀರೆಲ್ಲ ಹುಯ್ತಾ ಅವ್ರೆ, ಸ್ವಲ್ಪ ಬಂದು ನೋಡಮ್ಮ ಅಂತ. ನಿನ್ನ ಒಳ್ಳೇದಕ್ಕೇ ಹೇಳಿದ್ದು."

ಕೆ.ಆರ್. ಪುರ ಏನು ಕಾಶಿಯೇ? ಮೆಟ್ರೋ ಹತ್ತಿದರೆ ಬಂದೇಬಿಡುತ್ತಾಳೆ. ಮುನೀಂದ್ರ ತಡಮಾಡದೆ ದಿವ್ಯಳಿಗೆ ವಿಡಿಯೋ ಕಾಲ್ ಮಾಡಿ ಊದಿದ ಚೀಲಗಳನ್ನು ತೋರಿಸಿದ.

"ಸೂಪರ್ ಸರ್" ಅಂದಳು ದಿವ್ಯ. "ಈಗ ಖಾಲಿ ಆಗೋದು ತೋರ್ಸಿ."

"ಬಷೀರ್, ಪೈಪು ಸಂಪಿಗೆ ಬಿಡು, ಬೇಗ."

ಬಷೀರ್ ಪೈಪನ್ನು ಮೇಲೆತ್ತಿ ಸುರುಳಿ ಸುತ್ತಿಟ್ಟಿದ್ದ. ಮುಚ್ಚಿದ್ದ ಸಂಪಿನ ಮುಚ್ಚಳವನ್ನು ಈಗ ತೆಗೆದವನೇ ಮೂಗು ಹಿಡಿದುಕೊಂಡು ಹಿಂದಕ್ಕೆ ಸರಿದ. "ಭಾಯ್, ಇದು ನೀರಲ್ಲ."

ಸಂಪಿನ ತಳದಲ್ಲಿ ಉಳಿದಿದ್ದ ನೀರು ಕಪ್ಪಗಾಗಿ, ಮೇಲೆ ನೊರೆ ಕಟ್ಟಿ, ಒಂದು ಮೂಲೆಯಿಂದ ಇನ್ನೂ ಉಕ್ಕುತ್ತಿತ್ತು. ಅದೇ ಹೊತ್ತಿಗೆ ಮಂಜುಳಮ್ಮ ಮನೆಯೊಳಗಿಂದ ಕೂಗಿಕೊಂಡು ಬಂದರು. ಅವರ ನಲ್ಲಿಯಲ್ಲೂ ಕಪ್ಪು ನೀರು. ಶ್ರೀರಾಮಪ್ಪ ತಮ್ಮ ಸಂಪು ನೋಡಿ ಬಂದು ತಲೆಯಾಡಿಸಿದರು. ಬೆಳಗಿನಿಂದ ಬೀದಿಯ ತುದಿಯಲ್ಲಿ ಯಾರೋ ಯಾವುದೋ ಕೇಬಲ್ಲಿಗೆಂದು ಗುಂಡಿ ತೋಡುತ್ತಿದ್ದರು. ದೋಣಿಗೆ ನೀರು ಏರಿದ ಮೇಲೆ ಚರಂಡಿಯ ಪೈಪು ಒಡೆದು, ಆ ನೀರು ಸಾಲು ಮನೆಗಳ ಸಂಪಿಗೆಲ್ಲ ಜಿನುಗಿತ್ತು. ತೋಡಿದವರು ಅಷ್ಟು ಹೊತ್ತಿಗೆ ಗುದ್ದಲಿ ಸಮೇತ ನಾಪತ್ತೆಯಾಗಿದ್ದರು.

"ಸರ್, ಖಾಲಿ ಮಾಡಿ ತೋರ್ಸಿ, ನನಗೆ ಮೀಟಿಂಗ್ ಇದೆ" ಅಂದಳು ಫೋನಿನೊಳಗಿಂದ ದಿವ್ಯ.

ಗೇಟಿನ ಮುಂದೆ ಆಟೋ ನಿಂತಿತು. ರಮ್ಯಶ್ರೀ ಇಳಿದಳು, ಹಿಂದೆಯೇ ಆಂಜನಮ್ಮ ಇಳಿದರು. ರಮ್ಯಶ್ರೀ ಸಂಪು ನೋಡಿದಳು, ಮೂಗು ಮುಚ್ಚಿಕೊಂಡಳು, ಮೆಟ್ಟಿಲ ಮೇಲೆ ಕುಸಿದು ಕೂತಳು.

"ಮೇಲಿನ ಟ್ಯಾಂಕ್ ಬಾಡಿಗೆಯೋರು ಬೆಳಗ್ಗೇನೇ ಖಾಲಿ ಮಾಡವ್ರೆ. ಬುಧವಾರದವರೆಗೆ ಏನ್ರೀ ಮಾಡೋದು. ಒಂದಿಡೀ ಟ್ಯಾಂಕರ್ ನೀರು ಚರಂಡಿ ಪಾಲಾಯ್ತಲ್ಲ" ಎನ್ನುವಾಗ ಅವಳ ಕಣ್ಣಲ್ಲಿ ನೀರೇ ಬಂತು.

ಮುನೀಂದ್ರನಿಗೆ ಹೆಂಡತಿಯ ಕಣ್ಣೀರು ನೋಡಲಾಗಲಿಲ್ಲ. "ಪೂರ್ತಿ ಅಲ್ಲ ಕಣೆ" ಅಂದ. "ಮುಕ್ಕಾಲು ಪಾಲು ಇಲ್ಲಿದೆ. ದೋಣಿಲಿ."

ರಮ್ಯಶ್ರೀ ಎದ್ದು ದೋಣಿ ಹತ್ತಿ, ಸೀಟೆತ್ತಿ, ಚೀಲವನ್ನು ಒತ್ತಿ ನೋಡಿದಳು. ಕೆಳಗಿಳಿದು ಒಳಗೆ ಹೋಗಿ ಮನೆಯ ಅತಿ ದೊಡ್ಡ ಹಂಡೆಯನ್ನು ಎಳೆದು ತಂದು ಪೈಪಿನ ಬಾಯಿಗೆ ಇಟ್ಟಳು.

"ಬಿಡಿ" ಅಂದಳು.

ಮುನೀಂದ್ರ ಸ್ವಿಚ್ ಒತ್ತಿದ. ಹಂಡೆಗೆ ತಿಳಿನೀರು ಧೋ ಎಂದು ಬಿತ್ತು. ಆಂಜನಮ್ಮ ಬೊಗಸೆಯಲ್ಲಿ ಹಿಡಿದು ಮೂಸಿ, "ಚೆನ್ನಾಗೈತೆ" ಎಂದು ತೀರ್ಪು ಕೊಟ್ಟರು. ಅಷ್ಟೇ ಸಾಕಾಯಿತು. ಮಂಜುಳಮ್ಮ ಕೊಡ ತಂದರು, ಶ್ರೀರಾಮಪ್ಪ ಬಕೆಟ್ ತಂದರು, ಮೇಲಿನ ಬಾಡಿಗೆಯವರು ಕುಕ್ಕರ್ ಸಮೇತ ಇಳಿದರು. ನೋಡನೋಡುತ್ತ ಸಾಲು ಗೇಟು ದಾಟಿತು.

"ಡ್ರೈನಿಂಗ್ ಸಖತ್ತಾಗಿದೆ ಸರ್" ಅಂದಳು ದಿವ್ಯ. "ಜನ ನೋಡಕ್ಕೆ ಬೇರೆ ಬಂದವ್ರೆ. ನಾಳೆ ಬೋಟ್ ತಗೊಂಡ್ ಬನ್ನಿ, ಖಂಡಿತ."

ಮುನೀಂದ್ರನಿಗೆ ಕುಣಿಯುವುದೊಂದು ಬಾಕಿ. ಬಷೀರನನ್ನು ತಬ್ಬಿಕೊಂಡ. ರಮ್ಯಶ್ರೀ ಸೊಂಟಕ್ಕೆ ಸೆರಗು ಸಿಕ್ಕಿಸಿ ಸ್ವಿಚ್ಚಿನ ಹತ್ತಿರ ತಾನೇ ನಿಂತು, ಯಾರಿಗೆ ಎಷ್ಟು ಕೊಡ ಎಂದು ತೀರ್ಮಾನಿಸುತ್ತಿದ್ದಳು.

"ಯಜಮಾನ್ರು ಮುಂದಾಲೋಚನೆ ಉಳ್ಳೋರು ಬಿಡು ರಮ್ಯ" ಅಂದರು ಮಂಜುಳಮ್ಮ, ಎರಡನೇ ಕೊಡ ಮುಂದೊಡ್ಡುತ್ತ. "ನಾನು ಆಗ್ಲೇ ಅಂದ್ಕೊಂಡೆ."

"ಅವ್ರು ಹಾಗೇ ಆಂಟಿ, ಬಾಯಿಬಿಟ್ಟು ಏನೂ ಹೇಳಲ್ಲ" ಅಂದಳು ರಮ್ಯಶ್ರೀ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾಲ್ಕು ಜನರ ಮುಂದೆ ಅವಳು ಗಂಡನನ್ನು ಹೊಗಳಿದ್ದು ಇದೇ ಮೊದಲು. ಮುನೀಂದ್ರ ನಾಚಿಕೊಂಡು ಗೇಟಿನ ಚಿಲಕ ತಿರುವಿದ.

ಸಾಲು ಕರಗಿದ ಮೇಲೆ ರಮ್ಯಶ್ರೀ ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದಳು. "ಬೈಲಪ್ಪಂಗೆ ಹೇಳ್ಬಿಟ್ಟೆ ಕಣ್ರೀ. ದೋಣಿ ಮಾರಲ್ಲ ಅಂತ. ಎಷ್ಟು ಕೊಟ್ರೂ ಇಲ್ಲ. ಈ ಬೇಸಿಗೆ ಅಷ್ಟೇ ಅಲ್ಲ, ಇನ್ನು ಯಾವತ್ತೂ ಇಲ್ಲ."

ಮುನೀಂದ್ರನ ಕಣ್ಣಿಗೆ ಆಗಲೇ ಎಲ್ಲ ಕಟ್ಟಿತು. ನಾಳೆ ಕೆರೆ, ನೀರಿನ ಮೇಲೆ ತನ್ನ ದೋಣಿ, ಹಿಂದೆ ಆಳೆತ್ತರದ ಅಲೆ. ಇಂಥ ಹೆಂಡತಿಯನ್ನು ಕೊಟ್ಟ ಆಂಜನಮ್ಮನ ಕಾಲಿಗೆ ಬೀಳಬೇಕೆನ್ನಿಸಿತು.

ಸಂಜೆ ಗೇಟಿನ ಮುಂದೆ ಒಂದು ಲಾರಿ ಬಂದು ನಿಂತಿತು. ಬೈಲಪ್ಪ ಇಳಿದ. ಅವನ ಹೆಗಲ ಮೇಲೆ ಸರಪಳಿ, ಕೈಯಲ್ಲಿ ರಾಟೆ. ಮುನೀಂದ್ರ ನಗುನಗುತ್ತಲೇ ಎದುರು ಹೋದ.

"ಸುಮ್ನೆ ಬಂದ್ಯಲ್ಲ ಬೈಲಪ್ಪ. ದೋಣಿ ಕೊಡಲ್ಲ ಅಂತ ಹೇಳಿದಾಳಂತಲ್ಲ."

"ದೋಣಿ ಯಾರಿಗೆ ಬೇಕಣ್ಣ" ಅಂದ ಬೈಲಪ್ಪ, ಟಾರ್ಪಾಲು ಹಾಸುತ್ತ. "ಇಂಜಿನ್ ಬಿಚ್ಕೊಂಡ್ ಹೋಗು ಅಂದ್ರು ಅಕ್ಕ. ಸುಮ್ನೆ ಜಾಗ ತಿಂತಾ ಇದೆಯಂತೆ. ಅಲ್ಲಿ ಇನ್ನೆರಡು ಚೀಲ ಇಡ್ಬೋದಂತಲ್ಲ."

ದೋಣಿಯ ಹಿಂಭಾಗದಲ್ಲಿ ಟೇಪು ಹಿಡಿದು ಅಳೆಯುತ್ತಿದ್ದ ಬಷೀರ್ ತಲೆ ಎತ್ತಿದ.

"ಎರಡಲ್ಲ ಭಾಯ್" ಅಂದ. "ಮೂರು ಆರಾಮಾಗಿ ಹಿಡಿಯುತ್ತೆ."