ಕಯಾಕಿನ ಮುಂದಿನ ಸೀಟು

ಹಿಂದಿನ ಸೀಟಿನಲ್ಲಿ ಕೂತು ಸುಖಪಟ್ಟವನಲ್ಲ ನಾನು. ಮದುವೆ ಊಟಕ್ಕೆ ಮೊದಲ ಪಂಕ್ತಿ, ಫೋಟೋಗೆ ಮೊದಲ ಸಾಲು, ಆಫೀಸಿನ ಜೀಪಿನಲ್ಲಿ ಡ್ರೈವರ್ ಪಕ್ಕ. ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಮ್ಯಾನೇಜರ್ ಆದ ಮೇಲಂತೂ ಮುಂದಿನ ಸೀಟು ಪಿಂಚಣಿಯ ಹಾಗೆ ನನ್ನ ಹಕ್ಕೆಂದೇ ನಂಬಿಬಿಟ್ಟಿದ್ದೆ. ನೆಲದ ಮೇಲೆ ಇಂಥ ನಂಬಿಕೆಯಿಂದ ಯಾರ ಜೀವಕ್ಕೂ ಅಪಾಯವಿಲ್ಲ.

ಆದರೆ ನಮ್ಮ ಟೌನ್‌ಶಿಪ್ಪಿನ ಸಾಹಸ ಸಂಘದವರು ಒಂದು ಕಯಾಕ್ ತರಿಸಿದ್ದರು. ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ, ಹಾಗಲಕಾಯಿಯ ಹಾಗೆ ಎರಡೂ ತುದಿ ಚೂಪಾದ ದೋಣಿ. ಕಾಕಿನಾಡದವರೆಗೆ ಸಮುದ್ರ, ಆಮೇಲೆ ಕಾಲುವೆ ಹಿಡಿದು ವಿಜಯವಾಡ ಎಂದು ನಾನು ಎಲ್ಲರೆದುರು ಘೋಷಿಸಿಬಿಟ್ಟೆ. ಗಾಳಿ ಬೆನ್ನಿಗಿರುವ ಜನವರಿಯಲ್ಲಿ ಹೊರಡಿ ಅಂದರು. ನನಗೆ ರಜೆ ಸಿಕ್ಕಿದ್ದು ಮಾರ್ಚಿನಲ್ಲಿ. ಭಾರದವರು ಹಿಂದೆ ಕೂರಬೇಕು ಅಂದರು. ನನ್ನ ಜೊತೆ ಹೊರಟ ಮಲ್ಲೇಶ ಕಡ್ಡಿಯಂಥವನು, ಆದರೆ ನನ್ನ ಕೈಕೆಳಗಿನ ಇಂಜಿನಿಯರು. ಸಾಹೇಬರನ್ನು ಹಿಂದೆ ಹಾಕಿ ತಾನು ಮುಂದೆ ಕೂರುವುದುಂಟೆ? ತಾನೇ ಹಿಂದೆ ಹತ್ತಿದ. ಬಳ್ಳಾರಿ ಕಡೆಯ ಅವನ ತಾಯಿ ನನ್ನ ಕೈಗೆ ಪುಳಿಯೋಗರೆಯಂಥ ಪುಳಿಹೋರದ ಡಬ್ಬಿ ಕೊಟ್ಟು, "ಒಬ್ಬನೇ ಮಗ ಅದಾನ್ರೀ ಸರ್. ನೀವು ಅದೀರಿ ಅಂತ ಕಳಸಾಕತ್ತೀನಿ. ನಾನು ವಿಜಯವಾಡದಾಗ ತಂಗಿ ಮನ್ಯಾಗ ಕಾಯ್ತಿರ್ತೀನಿ" ಅಂದರು.

ಮೂರನೆಯ ದಿನ ಗಾಳಿ ಎದುರಾಯಿತು. ನನ್ನ ಭಾರಕ್ಕೆ ದೋಣಿಯ ಮೂತಿ ಪ್ರತಿ ಅಲೆಗೂ ಒಳಗೆ ತೂರಿ, ಅರ್ಧ ಬಂಗಾಳ ಕೊಲ್ಲಿಯನ್ನು ನನ್ನ ತೊಡೆಯ ಮೇಲೆ ಸುರಿಯುತ್ತಿತ್ತು. ದಡದಲ್ಲೊಂದು ಬೋಳುಗುಡ್ಡ. ಬೆಳಿಗ್ಗೆ ಬಲಕ್ಕಿತ್ತು. ಊಟದ ಹೊತ್ತಿಗೂ ಬಲಕ್ಕೇ ಇತ್ತು.

"ಮಲ್ಲೇಶ, ಮುಂದೆ ಹೋಗ್ತಿದೀವೇನೋ?"

"ಹೋಗ್ತಾ ಇದೀವಿ ಸಾರ್."

"ಸುಸ್ತಾಯ್ತಾ?"

"ಪರವಾಲೇದು ಸಾರ್." ವಿಶಾಖದಲ್ಲೇ ಬೆಳೆದವನು, ಕಷ್ಟ ಬಂದಾಗ ತೆಲುಗಿಗೆ ಇಳಿಯುತ್ತಿದ್ದ.

ಬಾಯಾರಿದಾಗಲೆಲ್ಲ ನಾನು ಕೈ ಹಿಂದೆ ಚಾಚುತ್ತಿದ್ದೆ, ನೀರಿನ ಬಾಟಲಿ ಬಂದು ಕೂರುತ್ತಿತ್ತು. ಬಿಸಿಲು ಸುಡುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಚಾಚಿದ ಕೈ ಹಾಗೇ ಉಳಿಯಿತು. ಕರೆದೆ, ಉತ್ತರವಿಲ್ಲ. ದೋಣಿ ಅಡ್ಡ ತಿರುಗತೊಡಗಿತು. ಹೊಟ್ಟೆಯನ್ನು ಹೇಗೋ ಹೊರಳಿಸಿ ಹಿಂದೆ ನೋಡಿದೆ. ಮಲ್ಲೇಶನ ತಲೆ ಎದೆಗೆ ಬಿದ್ದಿತ್ತು, ತುಟಿ ಬಿಳಿಚಿತ್ತು, ಅಂಗೈಯೆಲ್ಲ ರಕ್ತ. ಕಾಲ ಬಳಿ ಖಾಲಿ ಬಾಟಲಿಗಳು ಉರುಳಾಡುತ್ತಿದ್ದವು. ತನ್ನ ಪಾಲಿನ ನೀರನ್ನೂ ಅವನು ನನ್ನ ಕೈಗೇ ಇಟ್ಟಿದ್ದ.

ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ವಿಜಯವಾಡದ ಬಾಗಿಲಲ್ಲಿ ಆ ತಾಯಿಯ ಮುಂದೆ ಒಬ್ಬನೇ ನಿಂತ ಚಿತ್ರ ಕಣ್ಣಿಗೆ ಕಟ್ಟಿ, ಅಳುತ್ತಲೇ ದಡದ ಕಡೆ ಹುಟ್ಟು ಹಾಕಿದೆ. ದಡದ ಅಲೆಗಳಲ್ಲಿ ದೋಣಿ ಮೂತಿ ಊರಿ ಮಗುಚಿತು. ಸೊಂಟದುದ್ದದ ನೀರಿನಲ್ಲಿ ಅವನನ್ನು ದರದರ ಎಳೆದು ಮರಳಿಗೆ ಹಾಕಿದೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟವನು, "ಸಾರಿ ಸಾರ್, ಸ್ವಲ್ಪ ನಿದ್ದೆ ಬಂದ್ಬಿಡ್ತು" ಅಂದ.

ಹತ್ತಿರದ ಹಳ್ಳಿಯವರು ಆಸ್ಪತ್ರೆಗೆ ಸೇರಿಸಿದರು, ಗ್ಲುಕೋಸ್ ಏರಿತು. ಅವನು ಚೇತರಿಸಿಕೊಂಡ ಮೇಲೆ ಇಬ್ಬರೂ ಬಸ್ಸಿನಲ್ಲೇ ವಿಜಯವಾಡ ತಲುಪಿದೆವು. ಅವನ ಚಿಕ್ಕಮ್ಮನ ಮನೆ ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ. ಬಸ್ಸಿಳಿದ ಬೆಂಜ್ ಸರ್ಕಲ್‌ನಲ್ಲಿ ಆಟೋ ಕಾಯುತ್ತಾ, ಧೈರ್ಯ ಮಾಡಿ ಕೇಳಿದೆ: "ಮಲ್ಲೇಶ, ನಿಮ್ಮಮ್ಮನಿಗೆ ನಿಜ ಹೇಳಬೇಕು. ತಪ್ಪು ಯಾರದು?"

ಅವನು ಕಟ್ಟು ಹಾಕಿದ ಕೈಗಳನ್ನು ನೋಡಿಕೊಂಡು, "ಗಾಳಿದು ಸಾರ್" ಅಂದ.

ಹೌದಲ್ಲ ಅನ್ನಿಸಿ ತಲೆಯಾಡಿಸಿದೆ. ಅಷ್ಟರಲ್ಲಿ ಶೇರ್ ಆಟೋ ಬಂತು. ಒಳಗೆ ಜನ ಕಿಕ್ಕಿರಿದಿದ್ದರು. ಮಲ್ಲೇಶ ಡ್ರೈವರ್ ಪಕ್ಕದ ಜಾಗವನ್ನು ಮೊಣಕೈಯಿಂದ ಒರೆಸಿ, "ನೀವು ಮುಂದೆ ಕೂತ್ಕೊಳ್ಳಿ ಸಾರ್" ಅಂದ.

ಕೂತೆ.